ಎಟಿಆರ್ ಮೊದಲೋ ಏರ್‌ಬಸ್ ಮೊದಲೋ, ಬೇಸ್ ಯಾವ ಊರು: ದಾವಣಗೆರೆಯ ಹೊಸ ಸಹಪೈಲಟ್ ಒಬ್ಬಳ ಪ್ರಶ್ನೆ

ಪ್ರಶ್ನೆ: ಹೊಸ ಸಹಪೈಲಟ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದು ಹದಿನಾಲ್ಕು ತಿಂಗಳು ಕಾದ ಮೇಲೆ ಒಂದು ವಿಮಾನ ಸಂಸ್ಥೆಯಲ್ಲಿ ಸಹಪೈಲಟ್ ಆಗಿ ಆಯ್ಕೆಯಾಗಿದ್ದೇನೆ. ನನ್ನ ಲಾಗ್‌ಬುಕ್ಕಿನಲ್ಲಿ ಇರುವುದು 210 ಗಂಟೆ. ಬಹುಪಾಲು ಸೆಸ್ನಾ 172ರಲ್ಲಿ, ಉಳಿದದ್ದು ಎರಡು ಎಂಜಿನ್ನಿನ ಚಿಕ್ಕ ವಿಮಾನದಲ್ಲಿ ಹಾರಿಸಿದ್ದು. ಈ ಸಂಸ್ಥೆಯು ಸಣ್ಣ ಊರುಗಳ ಮಾರ್ಗಗಳಿಗೆ ಪ್ರೊಪೆಲರ್ ಇರುವ ಎಟಿಆರ್ 72-600 ವಿಮಾನಗಳನ್ನೂ ಮಹಾನಗರಗಳ ನಡುವೆ ಏರ್‌ಬಸ್ 320 ವಿಮಾನಗಳನ್ನೂ ಹಾರಿಸುತ್ತದೆ. ಹೊಸದಾಗಿ ಸೇರುವವರು ತಮಗೆ ಬೇಕಾದ ವಿಮಾನ ಯಾವುದು ಮತ್ತು ಬೇಕಾದ ಮೂರು ಬೇಸ್‌ಗಳು (ಕೆಲಸಕ್ಕೆ ಹೊರಡುವ ನೆಲೆಯ ಊರುಗಳು) ಯಾವುವು ಎಂಬುದನ್ನು ಆದ್ಯತೆಯ ಕ್ರಮದಲ್ಲಿ ಬರೆದು ಹತ್ತು ದಿನದೊಳಗೆ ಕಳುಹಿಸಬೇಕು. ಬರೆದದ್ದೇ ಸಿಗುತ್ತದೆಂಬ ಭರವಸೆಯನ್ನು ಅವರು ಕೊಟ್ಟಿಲ್ಲ, ಆದರೆ ಸಾಧ್ಯವಾದಷ್ಟು ಗಮನಿಸುತ್ತೇವೆ ಎಂದಿದ್ದಾರೆ.

ನನ್ನ ಬ್ಯಾಚಿನ ಬಹುತೇಕರು ಕಣ್ಣು ಮುಚ್ಚಿಕೊಂಡು ಏರ್‌ಬಸ್ ಬರೆದಿದ್ದಾರೆ. ಏರ್‌ಬಸ್ ಬರೆದರೆ ದೆಹಲಿ ಅಥವಾ ಮುಂಬೈ ಸಿಗುವ ಸಾಧ್ಯತೆಯೇ ಹೆಚ್ಚು, ಬೆಂಗಳೂರಿಗೆ ವರ್ಷಗಟ್ಟಲೆ ಕಾಯುವವರ ಪಟ್ಟಿಯಿದೆ ಎಂದು ಹಿರಿಯರೊಬ್ಬರು ಹೇಳಿದರು. ಎಟಿಆರ್ ಬರೆದರೆ ಹೈದರಾಬಾದ್, ಚೆನ್ನೈ ಅಥವಾ ಬೆಂಗಳೂರು.

ಮನೆಯ ಪರಿಸ್ಥಿತಿಯನ್ನೂ ಹೇಳದಿದ್ದರೆ ಪ್ರಶ್ನೆ ಅರ್ಧವಾಗುತ್ತದೆ. ತರಬೇತಿಗೆಂದು ಸಂತೇಬೆನ್ನೂರಿನ ಹತ್ತಿರವಿರುವ ಅಡಿಕೆ ತೋಟದ ಮೇಲೆ ಸಾಲ ಮಾಡಿದ್ದೇವೆ. ಅಪ್ಪನಿಗೆ ಸ್ಟೆಂಟ್ ಹಾಕಿಸಿ ಎಂಟು ತಿಂಗಳಾಗಿದೆ, ತಮ್ಮ ಇನ್ನೂ ಓದುತ್ತಿದ್ದಾನೆ. ಆದ್ದರಿಂದ ಬೆಂಗಳೂರು ಬೇಸ್ ಸಿಕ್ಕರೆ ದಾವಣಗೆರೆಯಲ್ಲಿ ಮನೆಯವರ ಜೊತೆಗೇ ಇದ್ದುಕೊಂಡು, ಕರ್ತವ್ಯದ ದಿನಗಳಿಗೆ ಮಾತ್ರ ದೇವನಹಳ್ಳಿಗೆ ಹೋಗಿ ಬರಬಹುದಲ್ಲವೇ ಎಂಬುದು ನನ್ನ ಲೆಕ್ಕಾಚಾರ. 260 ಕಿಲೋಮೀಟರ್ ದಾರಿ, ಹೆದ್ದಾರಿ ಚೆನ್ನಾಗಿದೆ, ವಂದೇ ಭಾರತ್ ರೈಲೂ ದಾವಣಗೆರೆಯಲ್ಲಿ ನಿಲ್ಲುತ್ತದೆ. ಈ ಲೆಕ್ಕ ಸರಿಯೇ? ವಿಮಾನವನ್ನು ನೋಡಿ ಬೇಸ್ ಆರಿಸಬೇಕೋ, ಬೇಸ್ ನೋಡಿ ವಿಮಾನವನ್ನು ಆರಿಸಬೇಕೋ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಮಾಜಿ ಕಮಾಂಡರ್, ಚಿತ್ರದುರ್ಗ

ಅಭಿನಂದನೆಗಳು. ಒಂಬತ್ತು ವರ್ಷ ಎಟಿಆರ್, ಆಮೇಲೆ ಹನ್ನೊಂದು ವರ್ಷ ಏರ್‌ಬಸ್ ಹಾರಿಸಿ ಈಗ ದುರ್ಗದಲ್ಲಿ ನೆಲೆ ನಿಂತವನು ನಾನು. ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ನಿಮ್ಮ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ ಮತ್ತು ಅದೇ ತಪ್ಪನ್ನು ನಾನೂ ಮಾಡಿದ್ದೆ.

ಬೇಸ್ ಎಂದರೆ ಸಂಸ್ಥೆ ನಿಮಗೆ ಹೋಟೆಲ್ ಕೊಡದ ಊರು. ಬೇರೆ ಯಾವ ಊರಿನಲ್ಲಿ ರಾತ್ರಿ ಉಳಿದರೂ ಹೋಟ್ಯಾಕ್ (ಸಂಸ್ಥೆಯ ಹೋಟೆಲ್ ವ್ಯವಸ್ಥೆ) ಇರುತ್ತದೆ, ಹಾಸಿಗೆ ಊಟಗಳ ಚಿಂತೆ ಅವರದು. ಬೇಸ್‌ನಲ್ಲಿ ಮಾತ್ರ ಎಲ್ಲವೂ ನಿಮ್ಮದೇ. ರೋಸ್ಟರ್‌ನಲ್ಲಿ (ಕರ್ತವ್ಯದ ಪಟ್ಟಿ) ಹಾರಾಟದ ದಿನಗಳಷ್ಟೇ ಇರುವುದಿಲ್ಲ, ಸ್ಟ್ಯಾಂಡ್‌ಬೈ ದಿನಗಳೂ ಇರುತ್ತವೆ. ಆ ದಿನ ನೀವು ಎಲ್ಲಿಗೂ ಹಾರದೆ ಇರಬಹುದು, ಆದರೆ ಫೋನ್ ಬಂದರೆ ನಿಗದಿತ ಅವಧಿಯೊಳಗೆ ಸಮವಸ್ತ್ರ ಹಾಕಿಕೊಂಡು ವಿಮಾನ ನಿಲ್ದಾಣದಲ್ಲಿ ಹಾಜರಾಗಬೇಕು. ಅವಧಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನಾನಿದ್ದ ಕಡೆ ತೊಂಬತ್ತು ನಿಮಿಷವಿತ್ತು. ದಾವಣಗೆರೆಯಿಂದ ತೊಂಬತ್ತು ನಿಮಿಷದಲ್ಲಿ ನೀವು ಹಿರಿಯೂರು ದಾಟಿದರೆ ಹೆಚ್ಚು. ಹೊಸಬರಿಗೆ ಸ್ಟ್ಯಾಂಡ್‌ಬೈ ಹೆಚ್ಚಾಗಿಯೇ ಬೀಳುತ್ತದೆ. ಹಾಗಾಗಿ ದಾವಣಗೆರೆಯಲ್ಲಿದ್ದುಕೊಂಡು ಬೆಂಗಳೂರು ಬೇಸ್ ನಡೆಸುವುದು ಆಗದ ಮಾತು. ಬಾಡಿಗೆ ಕೋಣೆಯೊಂದು ಬೇಕೇ ಬೇಕು.

ನನ್ನದೇ ಕಥೆ ಕೇಳಿ. ಎಟಿಆರ್‌ನಲ್ಲಿ ಎರಡನೆಯ ವರ್ಷ, ಬೆಂಗಳೂರು ಬೇಸ್. ಸತತ ಆರು ಸ್ಟ್ಯಾಂಡ್‌ಬೈಗಳಲ್ಲಿ ಒಮ್ಮೆಯೂ ಫೋನ್ ಬಂದಿರಲಿಲ್ಲ. ಏಳನೆಯದರ ದಿನ ತಂಗಿಯ ಮಗುವಿನ ನಾಮಕರಣ. ಇವತ್ತೂ ಕರೆಯುವುದಿಲ್ಲ ಎಂದುಕೊಂಡು ಬೆಳಗಿನ ಜಾವವೇ ಹೊರಟು ದುರ್ಗಕ್ಕೆ ಬಂದೆ. ಎಲೆಯ ಮೇಲೆ ಹೋಳಿಗೆ ಬಿದ್ದು ತುಪ್ಪಕ್ಕೆ ಕೈಯೊಡ್ಡಿದ್ದೆ, ಜೇಬಿನಲ್ಲಿ ಫೋನ್ ನಡುಗಿತು. ಸಹಪೈಲಟ್ ಒಬ್ಬರಿಗೆ ಜ್ವರ, ಎರಡು ಗಂಟೆಯ ವಿಮಾನಕ್ಕೆ ಬರಬೇಕು. ನಾನು 200 ಕಿಲೋಮೀಟರ್ ದೂರದಲ್ಲಿದ್ದೆ. ಸುಳ್ಳು ಹೇಳುವ ಧೈರ್ಯ ಬರಲಿಲ್ಲ, ಇರುವುದನ್ನು ಹೇಳಿದೆ. ವಿಮಾನ ತಡವಾಯಿತು, ನನ್ನ ಕಡತಕ್ಕೆ ಎಚ್ಚರಿಕೆ ಪತ್ರ ಸೇರಿತು, ಅದರಿಂದಾಗಿ ಮುಂದೆ ಕಮಾಂಡ್ (ಕ್ಯಾಪ್ಟನ್ ಹುದ್ದೆ) ಸಂದರ್ಶನ ಆರು ತಿಂಗಳು ಹಿಂದೆ ಬಿತ್ತು. ಸಂಸ್ಥೆಯ ತಪ್ಪೇನೂ ಇರಲಿಲ್ಲ. ಆ ಹೋಳಿಗೆಯನ್ನು ತಿಂದೆನೋ ಬಿಟ್ಟೆನೋ ಎಂಬುದು ಮಾತ್ರ ಇವತ್ತಿಗೂ ನೆನಪಿಗೆ ಬರುತ್ತಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ನಿದ್ದೆಯದು. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ಡ್ಯಾಶ್-8 ಕ್ಯೂ400 ವಿಮಾನ ಮನೆಯೊಂದರ ಮೇಲೆ ಬಿದ್ದು, ವಿಮಾನದಲ್ಲಿದ್ದ 49 ಜನ ಮತ್ತು ಮನೆಯಲ್ಲಿದ್ದ ಒಬ್ಬರು ಸತ್ತರು. ಸ್ಟಾಲ್ (ವೇಗ ಕುಸಿದು ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತೋರಿದ ತಪ್ಪು ಪ್ರತಿಕ್ರಿಯೆಯೇ ಕಾರಣವೆಂದು ತನಿಖೆ ಹೇಳಿತು. ಆದರೆ ಅದೇ ತನಿಖೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿಯನ್ನು ಎಟಿಆರ್ ಕಲಿಯುವ ಪ್ರತಿಯೊಬ್ಬರೂ ಓದಬೇಕು. ಇಬ್ಬರು ಪೈಲಟ್‌ಗಳ ಬೇಸೂ ನ್ಯೂಯಾರ್ಕ್ ಪಕ್ಕದ ನೆವಾರ್ಕ್. ಇಬ್ಬರ ಮನೆಯೂ ಅಲ್ಲಿರಲಿಲ್ಲ. ಕ್ಯಾಪ್ಟನ್‌ನ ಮನೆ ಫ್ಲಾರಿಡಾದಲ್ಲಿ, 24 ವರ್ಷದ ಸಹಪೈಲಟ್‌ಳ ಮನೆ ದೇಶದ ಇನ್ನೊಂದು ತುದಿಯ ಸಿಯಾಟಲ್ ಬಳಿ. ಆಕೆ ಹಿಂದಿನ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಕುಳಿತು ಕೆಲಸಕ್ಕೆ ಬಂದಿದ್ದಳು, ಕ್ಯಾಪ್ಟನ್ ಆ ರಾತ್ರಿಯನ್ನು ಸಿಬ್ಬಂದಿಯ ಕೋಣೆಯಲ್ಲಿ ಕಳೆದಿದ್ದ. ಆಕೆಯ ವಯಸ್ಸೂ ನಿಮ್ಮ ವಯಸ್ಸೂ ಒಂದೇ ಎಂಬುದರಿಂದ ಬರೆಯುತ್ತಿದ್ದೇನೆ, ಹೆದರಿಸಲು ಅಲ್ಲ. ರಾತ್ರಿ ಹನ್ನೊಂದಕ್ಕೆ ದಾವಣಗೆರೆಯಲ್ಲಿ ಬಸ್ಸು ಹತ್ತಿ, ಸೀಟಿನಲ್ಲಿ ಕುತ್ತಿಗೆ ವಾಲಿಸಿ ಒಂದಿಷ್ಟು ನಿದ್ದೆ ತೆಗೆದು, ಬೆಳಗ್ಗೆ ಆರಕ್ಕೆ ನಾಲ್ಕು ಸೆಕ್ಟರ್‌ಗಳ (ಏರಿಕೆಯಿಂದ ಇಳಿತದವರೆಗಿನ ಒಂದು ಹಾರಾಟವೇ ಸೆಕ್ಟರ್) ಕೆಲಸಕ್ಕೆ ಹಾಜರಾಗುವುದನ್ನು ನಿಯಮ ಪುಸ್ತಕ ವಿಶ್ರಾಂತಿ ಎಂದೇ ಎಣಿಸಬಹುದು, ಏಕೆಂದರೆ ಆ ಹೊತ್ತಿನಲ್ಲಿ ನೀವು ಕರ್ತವ್ಯದಲ್ಲಿರಲಿಲ್ಲ. ನಿಮ್ಮ ಕಣ್ಣು ಹಾಗೆ ಎಣಿಸುವುದಿಲ್ಲ.

ಹಾಗಾದರೆ ಮನೆಗೆ ಹತ್ತಿರದ ಬೇಸ್‌ನಿಂದ ನಿಜವಾಗಿ ಸಿಗುವುದೇನು? ವಾರದ ರಜೆಯನ್ನು ಹಿಡಿದು ಲೆಕ್ಕ ಹಾಕಿ. ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ನಿಯಮದಂತೆ ವಾರದ ವಿಶ್ರಾಂತಿ ಈಗ ಎರಡು ರಾತ್ರಿಗಳೂ ಸೇರಿ ಸತತ 48 ಗಂಟೆ. 2025ರ ಜುಲೈಗೆ ಮೊದಲು ಅದು 36 ಗಂಟೆಯಿತ್ತು. ರಾತ್ರಿ ಎಂಟಕ್ಕೆ ಬೆಂಗಳೂರಿನಲ್ಲಿ ಕೆಲಸ ಮುಗಿಯಿತು ಎಂದುಕೊಳ್ಳಿ. ದಣಿದ ಮೈಯಲ್ಲಿ ಅದೇ ರಾತ್ರಿ ಕಾರು ಓಡಿಸಬೇಡಿ. ಮಲಗಿ, ಬೆಳಗಿನ ರೈಲಿಗೆ ಹೊರಟರೆ ಒಂಬತ್ತೂವರೆ ಹತ್ತರೊಳಗೆ ದಾವಣಗೆರೆ. ಆ ಹಗಲು, ಆ ರಾತ್ರಿ, ಮರುದಿನ ಮಧ್ಯಾಹ್ನದ ಊಟದವರೆಗೆ ಮನೆ. ಅಂದರೆ ವಾರಕ್ಕೆ ಒಂದು ರಾತ್ರಿ. ಹೈದರಾಬಾದಿನಿಂದಾದರೆ ಆ ಒಂದು ರಾತ್ರಿಯೂ ಬಹುತೇಕ ವಾರ ಸಿಗದು. ಎರಡು ಬೇಸ್‌ಗಳ ನಡುವಿನ ವ್ಯತ್ಯಾಸ ತಿಂಗಳಿಗೆ ಮೂರೋ ನಾಲ್ಕೋ ರಾತ್ರಿ ಅಷ್ಟೇ. ಅಪ್ಪನ ಆರೋಗ್ಯದ ದೃಷ್ಟಿಯಿಂದ ಆ ರಾತ್ರಿಗಳಿಗೆ ಬೆಲೆಯಿದೆ, ಇಲ್ಲವೆನ್ನುವುದಿಲ್ಲ. ಆದರೆ ಎದೆನೋವು ಬಂದ ಗಳಿಗೆಯಲ್ಲಿ ಬೆಂಗಳೂರಿನ ಮಗಳೂ ಹೈದರಾಬಾದಿನ ಮಗಳೂ ಸಮಯಕ್ಕೆ ಮುಟ್ಟುವುದಿಲ್ಲ, ಪಕ್ಕದ ಮನೆಯವರೇ ಮುಟ್ಟುವುದು. ಆ ಏರ್ಪಾಟನ್ನು ಬೇಸ್ ಯಾವುದೇ ಆಗಲಿ, ಈಗಲೇ ಮಾಡಿಡಿ.

ಇನ್ನು ವಿಮಾನ. ನಿಮ್ಮ ಬ್ಯಾಚಿನವರು ಏರ್‌ಬಸ್ ಬರೆದದ್ದು ತಪ್ಪಲ್ಲ. ದೇಶದಲ್ಲಿ ಆ ಬಗೆಯ ವಿಮಾನಗಳೇ ಹೆಚ್ಚು, 2023ರ ಜೂನ್‌ನಲ್ಲಿ ಒಂದೇ ಸಂಸ್ಥೆ 500 ಏರ್‌ಬಸ್‌ಗಳಿಗೆ ಒಪ್ಪಂದ ಮಾಡಿಕೊಂಡಿತು, ಅಂದರೆ ಆ ವಿಮಾನ ಹಾರಿಸುವ ರೇಟಿಂಗ್ (ಅರ್ಹತೆ) ಇದ್ದವರಿಗೆ ಎಲ್ಲ ಕಡೆಯೂ ಬಾಗಿಲು ತೆರೆದಿರುತ್ತದೆ. ಆದರೂ 210 ಗಂಟೆಯ ಕೈಗೆ ನಾನು ಎಟಿಆರ್ ಅನ್ನೇ ಹೇಳುತ್ತೇನೆ. ಏರ್‌ಬಸ್ಸಿನಲ್ಲಿ ಎಂಜಿನ್ ಶಕ್ತಿಯನ್ನು ಬಹುಮಟ್ಟಿಗೆ ಯಂತ್ರವೇ ನೋಡಿಕೊಳ್ಳುತ್ತದೆ. ಎಟಿಆರ್‌ನಲ್ಲಿ ಆಟೊಥ್ರಾಟಲ್ ಇಲ್ಲ. ವೇಗ ಐದು ನಾಟ್ ಕುಸಿದರೆ ಎತ್ತಿಕೊಳ್ಳಬೇಕಾದದ್ದು ನಿಮ್ಮ ಅಂಗೈ. 25,000 ಅಡಿಗಿಂತ ಮೇಲೆ ಅದು ಹೋಗುವುದಿಲ್ಲ, ಸಣ್ಣ ಸೆಕ್ಟರ್‌ಗಳಲ್ಲಿ ಅಷ್ಟು ಎತ್ತರಕ್ಕೂ ಏರುವುದಿಲ್ಲ, ಆದ್ದರಿಂದ ಮಳೆಮೋಡದ ಮೇಲೆ ಹಾರಿಹೋಗುವ ಸುಖವಿಲ್ಲ, ಸುತ್ತಿಕೊಂಡೇ ಹೋಗಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಚಳ್ಳಕೆರೆ, ಹಿರಿಯೂರಿನ ಒಣ ಬಯಲಿನ ಮೇಲೆ ಇಳಿಮುಖವಾಗಿ ಬನ್ನಿ. ಕಾದ ನೆಲದಿಂದ ಎದ್ದ ಗಾಳಿ ರೆಕ್ಕೆಯ ಒಂದು ತುದಿಯನ್ನು ಎತ್ತುತ್ತದೆ, ನೀವು ಯೋಕ್ ತಿರುಗಿಸುವಷ್ಟರಲ್ಲಿ ಇನ್ನೊಂದು ತುದಿಯನ್ನು ಎತ್ತುತ್ತದೆ. ಕೆಳಗೆ ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳ ರೆಕ್ಕೆಗಳು ನಿಂತಲ್ಲೇ ನಿಂತಿರುತ್ತವೆ, ಮೇಲೆ ನಿಮ್ಮ ಅಂಗಿಯ ಬೆನ್ನು ಒದ್ದೆಯಾಗಿರುತ್ತದೆ. ಎರಡು ಬೇಸಿಗೆ ಹೀಗೆ ಕಳೆದ ಕೈ ಮುಂದೆ ಯಾವ ವಿಮಾನಕ್ಕೆ ಹೋದರೂ ಕೈಬಿಡುವುದಿಲ್ಲ.

ಊರಿನಲ್ಲಿ ‘ಫ್ಯಾನ್ ವಿಮಾನ ಓಡಿಸ್ತಾಳಂತೆ’ ಎನ್ನುತ್ತಾರೆ, ಅದಕ್ಕೆ ಸಿದ್ಧವಾಗಿರಿ. ನಾನು ಎಟಿಆರ್ ಹಾರಿಸುತ್ತಿದ್ದೆ ಎಂದಾಗ ನಾಯಕನಹಟ್ಟಿ ಕಡೆಯ ನಮ್ಮ ಮಾವ ಕುದಾಪುರದ ಡಿಆರ್‌ಡಿಒದಲ್ಲಿ ಡ್ರೋನ್ ಹಾರಿಸುವ ಕೆಲಸವೆಂದು ತಿಳಿದು ಊರೆಲ್ಲ ಹೇಳಿಬಂದಿದ್ದರು. 2017ರಲ್ಲಿ ಉದ್ಘಾಟನೆಯಾದ ಅಲ್ಲಿನ ವೈಮಾನಿಕ ಪರೀಕ್ಷಾ ವಲಯದ ಸಂಕ್ಷಿಪ್ತ ಹೆಸರೂ ಎಟಿಆರ್.

ಉತ್ತರ 2: ಎಟಿಆರ್ ಸಹಪೈಲಟ್, ಹೈದರಾಬಾದ್ ಬೇಸ್ (ಊರು ಹರಿಹರ)

ಕ್ಯಾಪ್ಟನ್ ಅವರ ಮಾತಿನಲ್ಲಿ ಸ್ಟ್ಯಾಂಡ್‌ಬೈ ವಿಷಯ ನೂರಕ್ಕೆ ನೂರು ನಿಜ. ಆದರೆ ಬೆಂಗಳೂರಿಗೂ ಹೈದರಾಬಾದಿಗೂ ವ್ಯತ್ಯಾಸ ಮೂರು ನಾಲ್ಕು ರಾತ್ರಿ ಅಷ್ಟೇ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ‘ಅಷ್ಟೇ’ಯನ್ನು ಎರಡೂವರೆ ವರ್ಷದಿಂದ ಅನುಭವಿಸುತ್ತಿದ್ದೇನೆ. ಸಿಬ್ಬಂದಿ ಟಿಕೆಟ್ ಎಂದರೆ ಖಾಲಿ ಸೀಟು ಉಳಿದರೆ ಮಾತ್ರ. ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೋಗುವ ಸಣ್ಣ ವಿಮಾನದಲ್ಲಿ ಶುಕ್ರವಾರ ಸಂಜೆ ಖಾಲಿ ಸೀಟು ಉಳಿಯುವುದು ಅಪರೂಪ, ಹಬ್ಬದ ಮುನ್ನಾದಿನವಂತೂ ಕೇಳಲೇಬೇಡಿ. ಕಳೆದ ದೀಪಾವಳಿಗೆ ನಾನು ಚೆಕ್‌ಇನ್ ಕೌಂಟರಿನ ಪಕ್ಕ ಚೀಲ ಹಿಡಿದು ನಿಂತು, ಕೊನೆಯ ಪ್ರಯಾಣಿಕರು ಓಡಿ ಬಂದದ್ದನ್ನು ನೋಡಿ, ರಾತ್ರಿ ಬಸ್ಸಿನಲ್ಲಿ ಬಳ್ಳಾರಿ ಮಾರ್ಗವಾಗಿ ಹರಿಹರ ಸೇರುವಷ್ಟರಲ್ಲಿ ಬಲಿಪಾಡ್ಯಮಿಯ ಪೂಜೆ ಮುಗಿದಿತ್ತು. ಬೆಂಗಳೂರಿನಿಂದ ಹೊರಟವರು ಒಂದು ರೈಲು ತಪ್ಪಿದರೆ ಇನ್ನೊಂದು ಹತ್ತುತ್ತಾರೆ, ರೈಲೇ ಇಲ್ಲದಿದ್ದರೆ ತುಮಕೂರಿನ ದಾರಿಯಲ್ಲಿ ಬಸ್ಸುಗಳಿಗೆ ಬರವಿಲ್ಲ. ಬೆಂಗಳೂರನ್ನು ಮೊದಲ ಆದ್ಯತೆಯಾಗಿಯೇ ಬರೆಯಿರಿ. ಹೈದರಾಬಾದ್ ಎರಡನೆಯದಿರಲಿ. ಚೆನ್ನೈ ಮೂರನೆಯದು.

ಕೆಲಸದ ಸ್ವರೂಪದ ಬಗ್ಗೆ ಯಾರೂ ನಿಮಗೆ ಮೊದಲೇ ಹೇಳದ ಒಂದು ಮಾತು. ಭತ್ಯೆಯ ಬಹುಭಾಗ ಹಾರಾಟದ ಗಂಟೆಗಳ ಮೇಲೆ ನಿಂತಿರುತ್ತದೆ. ಏರ್‌ಬಸ್ಸಿನವರು ಬೆಂಗಳೂರಿನಿಂದ ದೆಹಲಿಗೆ ಹೋಗಿ ಬಂದರೆ ಎರಡು ಇಳಿತಗಳಲ್ಲಿ ಐದೂವರೆ ಗಂಟೆ ಲೆಕ್ಕಕ್ಕೆ ಬರುತ್ತದೆ. ನಾವು ಒಂದೊಂದು ಗಂಟೆಯ ನಾಲ್ಕು ಸೆಕ್ಟರ್ ಹಾರಿದರೆ ನಾಲ್ಕು ಇಳಿತ, ನಾಲ್ಕು ಸಲ ಪ್ರಯಾಣಿಕರ ಏರಿಳಿತ, ನಾಲ್ಕು ಸಲ ಲೋಡ್‌ಶೀಟ್ (ತೂಕದ ಪಟ್ಟಿ). ಲೆಕ್ಕಕ್ಕೆ ಬರುವುದು ಸುಮಾರು ನಾಲ್ಕು ಗಂಟೆ. ಇದರ ಮೇಲೆ ಎಟಿಆರ್‌ನ ಗಂಟೆಯ ದರವೂ ಕಡಿಮೆ. ಅಡಿಕೆ ತೋಟದ ಸಾಲವಿದೆ ಎಂದಿದ್ದೀರಿ, ಆದ್ದರಿಂದ ಕಂತನ್ನು ಏರ್‌ಬಸ್ ಗೆಳೆಯರ ಸಂಬಳ ನೋಡಿ ನಿಗದಿ ಮಾಡಿಕೊಳ್ಳಬೇಡಿ.

ಆದರೂ ನಾನು ಎಟಿಆರ್ ಬಿಟ್ಟು ಹೋಗಲು ಆತುರಪಡುತ್ತಿಲ್ಲ. ಸಣ್ಣ ನಿಲ್ದಾಣದಲ್ಲಿ ಇಪ್ಪತ್ತೈದು ನಿಮಿಷದಲ್ಲಿ ವಿಮಾನ ತಿರುಗಿಸುವ ಕೆಲಸ ನೋಡಿದರೆ ನಿಮಗೂ ಹಿಡಿಸಬಹುದು. ಎಟಿಆರ್‌ಗೆ ಎಪಿಯು (ನಿಂತಿರುವಾಗ ವಿದ್ಯುತ್ ಕೊಡುವ ಚಿಕ್ಕ ಎಂಜಿನ್) ಇಲ್ಲ. ನಿಂತಿರುವಾಗ ಬಲಗಡೆಯ ಎಂಜಿನ್ ಓಡುತ್ತಲೇ ಇರುತ್ತದೆ, ಪ್ರೊಪೆಲರ್‌ಗೆ ಮಾತ್ರ ಬ್ರೇಕ್ ಹಾಕಿರುತ್ತಾರೆ. ಇದನ್ನೇ ಹೋಟೆಲ್ ಮೋಡ್ ಎನ್ನುವುದು. ವಿದ್ಯುತ್ತೂ ತಂಪು ಗಾಳಿಯೂ ಅದರಿಂದಲೇ. ಪ್ರಯಾಣಿಕರು ಎಡಗಡೆಯ ಹಿಂಬಾಗಿಲಿನಿಂದ ಹತ್ತುತ್ತಿರುತ್ತಾರೆ, ಮುಂದಿನ ಬಾಗಿಲಿನಲ್ಲಿ ಸರಕು ತುಂಬುತ್ತಿರುತ್ತದೆ. ನೀವು ಟಾರ್ಚ್ ಹಿಡಿದು ವಿಮಾನವನ್ನು ಒಂದು ಸುತ್ತು ಹಾಕಿ, ಟೈರಿನ ಮೇಲೆ ಕೈಯಾಡಿಸಿ, ಕಾಕ್‌ಪಿಟ್ಟಿಗೆ ಮರಳುವಷ್ಟರಲ್ಲಿ ಬಲಗಿವಿ ಇಯರ್‌ಪ್ಲಗ್ಗಿನೊಳಗೂ ಗುಂಯ್‌ಗುಟ್ಟುತ್ತಿರುತ್ತದೆ. ಒಳ್ಳೆಯ ಇಯರ್‌ಪ್ಲಗ್ಗನ್ನು ಸ್ವಂತ ದುಡ್ಡಿನಲ್ಲೇ ಕೊಳ್ಳಿ.

ಇನ್ನೊಂದು ಕಿವಿಮಾತು: ಬೇಸ್ ಘೋಷಣೆಯಾದ ತಕ್ಷಣ ಮನೆ ಹಿಡಿಯಬೇಡಿ. ಮೊದಲು ತರಗತಿ, ಆಮೇಲೆ ಸಿಮ್ಯುಲೇಟರ್, ಆಮೇಲೆ ತರಬೇತುದಾರ ಕ್ಯಾಪ್ಟನ್‌ಗಳ ಜೊತೆ ಲೈನ್ ಟ್ರೈನಿಂಗ್, ಅಂದರೆ ಪ್ರಯಾಣಿಕರಿರುವ ಹಾರಾಟಗಳಲ್ಲೇ ಕಲಿಕೆ. ಈ ಕೊನೆಯದು ಎಲ್ಲಿ ತರಬೇತುದಾರರು ಬಿಡುವಾಗಿದ್ದಾರೋ ಅಲ್ಲಿ ನಡೆಯುತ್ತದೆ. ಮಳೆಗಾಲದಲ್ಲಿ ಅದು ನಿಧಾನವಾಗುತ್ತದೆ, ಏಕೆಂದರೆ ಕೆಟ್ಟ ಹವೆಯಲ್ಲಿ ಕಲಿಯುವವರ ಕೈಗೆ ಇಳಿತವನ್ನು ಕೊಡುವುದಿಲ್ಲ. ನಾನು ಬೆಂಗಳೂರಿನಲ್ಲಿ ಮುಂಗಡ ಕೊಟ್ಟು ಮನೆ ಹಿಡಿದು, ಐದು ತಿಂಗಳು ಬೇರೆ ಊರುಗಳಲ್ಲಿ ತರಬೇತಿ ಪಡೆದು, ಕೊನೆಗೆ ರಿಲೀಸ್ ಆದಾಗ (ತರಬೇತಿ ಮುಗಿಸಿ ಕೆಲಸಕ್ಕೆ ಬಿಟ್ಟಾಗ) ಸಿಕ್ಕಿದ ಬೇಸ್ ಹೈದರಾಬಾದ್. ಐದು ತಿಂಗಳ ಬಾಡಿಗೆ ತುಂಗಭದ್ರೆಗೆ ಎಸೆದ ಹಾಗಾಯಿತು.

ಉತ್ತರ 3: ಏರ್‌ಬಸ್ ಪೈಲಟ್ ಒಬ್ಬರ ಪತ್ನಿ, ದಾವಣಗೆರೆ

ನಾನು ಪೈಲಟ್ ಅಲ್ಲ, ಆದರೆ ಮನೆಯಲ್ಲಿ ಕಾಯುವವರ ಕಡೆಯಿಂದಲೂ ಒಂದು ಮಾತಿರಲಿ ಎಂದು ಬರೆಯುತ್ತಿದ್ದೇನೆ. ನನ್ನ ಯಜಮಾನರು ಎಂಟು ವರ್ಷದಿಂದ ದೆಹಲಿ ಬೇಸ್. ಅತ್ತೆ ಮಾವ ಊರು ಬಿಡಲು ಒಪ್ಪದ ಕಾರಣ ನಾನು ಮಕ್ಕಳೊಂದಿಗೆ ಇಲ್ಲಿಯೇ ಉಳಿದಿದ್ದೇನೆ. ಡಿಸೆಂಬರ್, ಜನವರಿಯಲ್ಲಿ ದೆಹಲಿಯಲ್ಲಿ ಮಂಜು ಬಿದ್ದರೆ ಅವರ ರೋಸ್ಟರ್ ದಿನಕ್ಕೆರಡು ಸಲ ಬದಲಾಗುತ್ತದೆ, ಆ ಎರಡು ತಿಂಗಳು ಅವರು ಮನೆಗೆ ಬರುತ್ತಾರೆಂದು ನಾವು ಯಾರಿಗೂ ಹೇಳುವುದಿಲ್ಲ. ಸಂಕ್ರಾಂತಿಗೆ ಅವರಿಗೆಂದು ಎತ್ತಿಟ್ಟ ಎಳ್ಳುಬೆಲ್ಲ ಒಮ್ಮೆ ರಥಸಪ್ತಮಿಯವರೆಗೂ ಡಬ್ಬಿಯಲ್ಲೇ ಇತ್ತು.

ನೀವು ಮನೆಗೆ ಬಂದ ದಿನ ಅರ್ಧದಷ್ಟು ಹೊತ್ತು ಮಲಗಿರುತ್ತೀರಿ, ಅದನ್ನು ಅಪ್ಪ ಅಮ್ಮನಿಗೆ ಈಗಲೇ ಹೇಳಿ ಒಪ್ಪಿಸಿ. ನಮ್ಮತ್ತೆಗೆ ಮೊದಮೊದಲು ಮಗ ಬಂದೂ ಮಾತನಾಡುವುದಿಲ್ಲವೆಂಬ ಬೇಸರವಿತ್ತು. ಬೆಂಗಳೂರು ಸಿಗುವ ಸಾಧ್ಯತೆ ಯಾವ ವಿಮಾನದಲ್ಲಿ ಹೆಚ್ಚೋ ಆ ವಿಮಾನವನ್ನೇ ಬರೆಯಿರಿ ಎಂಬುದು ನನ್ನ ಅಭಿಪ್ರಾಯ. ವಿಮಾನ ಮುಂದೆ ಬದಲಾಗುತ್ತದೆ. ಅಪ್ಪನ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಮೂವರಿಗೂ ಧನ್ಯವಾದ. ದಾವಣಗೆರೆಯಿಂದಲೇ ಓಡಾಡುವ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಸ್ಟ್ಯಾಂಡ್‌ಬೈ ಎಂಬುದೊಂದಿದೆ ಎಂದು ಗೊತ್ತಿತ್ತು, ಆದರೆ ಅದು ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆಂದು ಹೊಳೆದಿರಲಿಲ್ಲ. ಇನ್ನೆರಡು ಅನುಮಾನಗಳಿವೆ. ಎಟಿಆರ್‌ಗೆ ಸೇರಿದರೆ ಅದರಲ್ಲೇ ಸಿಕ್ಕಿಹಾಕಿಕೊಳ್ಳುವ ಭಯವಿದೆ. ಟೈಪ್ ರೇಟಿಂಗ್‌ಗೆಂದು ಬಾಂಡ್ (ಇಷ್ಟು ಕಾಲ ಬಿಟ್ಟು ಹೋಗುವುದಿಲ್ಲವೆಂಬ ಕರಾರು) ಬರೆಸಿಕೊಳ್ಳುತ್ತಾರೆ, ಏರ್‌ಬಸ್ಸಿಗೆ ಹೋಗುವಾಗ ಮತ್ತೊಂದು ಬಾಂಡ್ ಬರುತ್ತದೆಯೇ? ಎರಡನೆಯದು, ಕಮಾಂಡ್ ಯಾವುದರಲ್ಲಿ ಬೇಗ?

ಉತ್ತರ 4: ಮಾಜಿ ಕಮಾಂಡರ್, ಚಿತ್ರದುರ್ಗ

ಎರಡನೆಯದಕ್ಕೆ ಮೊದಲು. ಕ್ಯಾಪ್ಟನ್ ಆಗಲು ಎಟಿಪಿಎಲ್ (ಮೇಲಿನ ದರ್ಜೆಯ ಪೈಲಟ್ ಲೈಸೆನ್ಸ್) ಬೇಕು, ಅದಕ್ಕೆ ಒಟ್ಟು 1,500 ಗಂಟೆಯ ಹಾರಾಟ ಬೇಕು. ನಿಯಮದಂತೆ ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ಎಟಿಆರ್‌ನಲ್ಲಿ ವರ್ಷಕ್ಕೆ 600, 650 ಗಂಟೆ ಸಿಗುತ್ತದೆಂದು ಹಿಡಿದರೆ ನಿಮ್ಮ 210ರಿಂದ 1,500ಕ್ಕೆ ಸುಮಾರು ಎರಡು ವರ್ಷ ಬೇಕಾಗುತ್ತದೆ. ಏರ್‌ಬಸ್ಸಿನ ಉದ್ದ ಸೆಕ್ಟರ್‌ಗಳಲ್ಲಿ ಇನ್ನೂ ಬೇಗ. ಆದರೆ 1,500 ತುಂಬಿದ ಕೂಡಲೇ ಯಾರೂ ಎಡಗಡೆಯ, ಅಂದರೆ ಕ್ಯಾಪ್ಟನ್‌ನ ಸೀಟಿಗೆ ಕರೆಯುವುದಿಲ್ಲ, ಸಂಸ್ಥೆಗಳು ಅದಕ್ಕಿಂತ ಬಹಳ ಹೆಚ್ಚು ಗಂಟೆ ಕೇಳುತ್ತವೆ, ಹಿರಿತನದ ಸರದಿಯೂ ಇರುತ್ತದೆ. ಏರ್‌ಬಸ್ಸಿನ ಸರದಿ ಉದ್ದ. ಎಟಿಆರ್‌ನ ಕ್ಯಾಪ್ಟನ್‌ಗಳು ಏರ್‌ಬಸ್ಸಿಗೆ ಹೋಗುತ್ತಲೇ ಇರುವುದರಿಂದ ಇಲ್ಲಿ ಜಾಗ ಬೇಗ ತೆರವಾಗುತ್ತದೆ. ನನಗೆ ಎಟಿಆರ್‌ನಲ್ಲಿ ಕಮಾಂಡ್ ಸಿಕ್ಕಾಗ ನನ್ನ ಜೊತೆಗೇ ಏರ್‌ಬಸ್ಸಿಗೆ ಸೇರಿದ್ದ ಗೆಳೆಯ ಇನ್ನೂ ಮೂರು ವರ್ಷ ಬಲಗಡೆಯೇ ಕುಳಿತಿದ್ದ. ಎಟಿಪಿಎಲ್ ಪರೀಕ್ಷೆಯ ಪತ್ರಿಕೆಗಳನ್ನು ಗಂಟೆ ತುಂಬುವವರೆಗೆ ಕಾಯದೆ ಮೊದಲ ವರ್ಷದಲ್ಲೇ ಬರೆದು ಮುಗಿಸಿ.

ಬಾಂಡ್ ವಿಷಯದಲ್ಲಿ ಮೊತ್ತಕ್ಕಿಂತ ದಿನಾಂಕವನ್ನು ನೋಡಿ. ಬಾಂಡ್ ಅವಧಿ ನೀವು ಸಹಿ ಹಾಕಿದ ದಿನದಿಂದ ಶುರುವಾಗುತ್ತದೋ, ಟೈಪ್ ರೇಟಿಂಗ್ ಮುಗಿದ ದಿನದಿಂದಲೋ, ಲೈನ್ ರಿಲೀಸ್ ಆದ ದಿನದಿಂದಲೋ ಎಂಬುದು ಕಾಗದದಲ್ಲಿ ಸ್ಪಷ್ಟವಾಗಿರಬೇಕು. ತರಬೇತಿ ತಡವಾದರೆ ಇದರಿಂದ ಒಂದು ವರ್ಷವೇ ಹೆಚ್ಚು ಕಡಿಮೆಯಾಗುತ್ತದೆ. ಅದೇ ಸಂಸ್ಥೆಯೊಳಗೆ ಏರ್‌ಬಸ್ಸಿಗೆ ಬದಲಾದರೂ ಹೊಸ ರೇಟಿಂಗ್‌ಗೆ ಹೊಸ ಬಾಂಡ್ ಬರುವುದು ಸಾಮಾನ್ಯ, ಹಳೆಯದರ ಬಾಕಿ ಅದರಲ್ಲಿ ಸೇರುತ್ತದೋ ಇಲ್ಲವೋ ಎಂಬುದನ್ನು ಬರಹದಲ್ಲಿ ಕೇಳಿ. ರಾಜೀನಾಮೆ ಕೊಟ್ಟು ಬೇರೆ ಕಡೆ ಹೋಗುವುದಾದರೆ ಡಿಜಿಸಿಎಯ 2017ರ ನಿಯಮದಂತೆ ಸಹಪೈಲಟ್‌ಗೆ ಆರು ತಿಂಗಳು, ಕಮಾಂಡರ್‌ಗೆ ಒಂದು ವರ್ಷದ ನೋಟಿಸ್ ಅವಧಿಯಿದೆ. ಅಂದರೆ ಕಮಾಂಡ್ ಸ್ವೀಕರಿಸಿದ ದಿನವೇ ನಿಮ್ಮ ಕಾಲಿನ ಹಗ್ಗ ಇಮ್ಮಡಿ ಗಟ್ಟಿಯಾಗುತ್ತದೆ. ಸಿಕ್ಕಿಹಾಕಿಕೊಳ್ಳುವುದು ವಿಮಾನದಿಂದಲ್ಲ, ಈ ಕಾಗದಗಳಿಂದ.

ಬೇಸ್ ವಿಷಯದಲ್ಲಿ ಹರಿಹರದ ಗೆಳೆಯರು ನನ್ನನ್ನು ತಿದ್ದಿದ್ದು ಸರಿಯಾಗಿದೆ. ದೀಪಾವಳಿಯ ಆ ಬಸ್ಸಿನ ಕಥೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಹಾರುತ್ತಿದ್ದ ಕಾಲದಲ್ಲಿ ಹಿಂದಿನ ಸೀಟುಗಳು ಖಾಲಿ ಹೋಗುತ್ತಿದ್ದವು.

ಪ್ರಶ್ನೆ ಕೇಳಿದವರಿಂದ

ನಿನ್ನೆ ರಾತ್ರಿ ಪಟ್ಟಿ ಕಳುಹಿಸಿದೆ: ಎಟಿಆರ್, ಬೆಂಗಳೂರು, ಹೈದರಾಬಾದ್, ಚೆನ್ನೈ. ಬಾಂಡ್ ಅವಧಿ ರಿಲೀಸ್ ಆದ ದಿನದಿಂದ ಶುರುವೆಂದು ಕಾಗದದಲ್ಲಿ ಇತ್ತು. ಟೈಪ್ ರೇಟಿಂಗ್ ಮುಗಿದ ದಿನದಿಂದ ಎಣಿಸಲು ಸಾಧ್ಯವೇ ಎಂದು ಪತ್ರ ಬರೆದು ಕೇಳಿದ್ದೇನೆ, ಉತ್ತರ ಬಂದಿಲ್ಲ. ಅಪ್ಪನಿಗೆ ನಮ್ಮ ಬೀದಿಯ ಔಷಧಿ ಅಂಗಡಿಯವರ ಮತ್ತು ಎದುರು ಮನೆಯವರ ನಂಬರನ್ನು ಫೋನಿನ ಮೊದಲ ಪುಟದಲ್ಲೇ ಹಾಕಿಕೊಟ್ಟೆ. ಬೆಂಗಳೂರು ಸಿಕ್ಕರೆ ದೊಡ್ಡಬಳ್ಳಾಪುರದ ಕಡೆ ಕೋಣೆ ನೋಡಬಹುದೇ? ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಅದೇ ದಾರಿಯಲ್ಲಿ ದೇವನಹಳ್ಳಿಗೆ ಹೋಗಬಹುದಾದ್ದರಿಂದ ಊರಿಗೆ ಹೋಗಿ ಬರಲೂ ಅನುಕೂಲ ಎನ್ನಿಸುತ್ತಿದೆ.

ಉತ್ತರ 5: ಎಟಿಆರ್ ಸಹಪೈಲಟ್, ಹೈದರಾಬಾದ್ ಬೇಸ್

ಒಳ್ಳೆಯ ಜಾಗವೇ, ಬೆಂಗಳೂರಿನ ಒಳಗೆ ಹೋಗುವ ಗೋಜಿಲ್ಲ, ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ನಗರದ ಟ್ರಾಫಿಕ್ ಸಿಗುವುದಿಲ್ಲ. ಆದರೆ ಮುಂಗಡ ಕೊಡುವ ಮೊದಲು ಬೆಳಗಿನ ಜಾವ ಮೂರೂವರೆಗೆ ಅಲ್ಲಿಂದ ನಿಲ್ದಾಣಕ್ಕೆ ಒಮ್ಮೆ ಹೋಗಿ ನೋಡಿ. ಸಂಸ್ಥೆಯ ಪಿಕಪ್ ಕಾರು ಆ ಊರಿನವರೆಗೆ ಬರುತ್ತದೆಯೇ ಎಂಬುದನ್ನು ಸಾರಿಗೆ ವಿಭಾಗಕ್ಕೇ ಫೋನ್ ಮಾಡಿ ವಿಚಾರಿಸಿ, ಅವರು ಇಷ್ಟು ಕಿಲೋಮೀಟರ್ ಎಂದು ಗೆರೆ ಎಳೆದಿರುತ್ತಾರೆ. ಮತ್ತೆ ಹೇಳುತ್ತೇನೆ, ಇದೆಲ್ಲ ರಿಲೀಸ್ ಆದ ಮೇಲೆ.